ಮೊಬೈಲಿನಲ್ಲಿ ಆಕಾಶವಾಣಿ ಕೇಳಿದರೆ ಅದೂ ಪಾಡ್‌ಕಾಸ್ಟೇ?

ಪ್ರಶ್ನೆ: ಬೆಳಿಗ್ಗೆ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಧಾರವಾಡ ಕೇಂದ್ರ ಕೇಳುತ್ತೇನೆ. ಮಗಳು ಅದೇ ಮೊಬೈಲಿನಲ್ಲಿ ಪಾಡ್‌ಕಾಸ್ಟ್ ಕೇಳುತ್ತಾಳೆ. ಎರಡೂ ಇಂಟರ್‌ನೆಟ್‌ನಲ್ಲೇ ಬರುತ್ತವೆ ಅಲ್ವಾ? ಮತ್ತೆ ವ್ಯತ್ಯಾಸ ಏನು?

ಉತ್ತರ: ನೀವು ಕೇಳುತ್ತಿರುವುದು ರೇಡಿಯೊನೇ. ಬರುವ ದಾರಿ ಮಾತ್ರ ಬೇರೆ. ಕೇಂದ್ರದಿಂದ ಈಗ ಏನು ಪ್ರಸಾರ ಆಗುತ್ತಿದೆಯೋ ಅದು ಸ್ವಲ್ಪ ತಡವಾಗಿ ನಿಮ್ಮ ಕಿವಿಗೆ ಬೀಳುತ್ತದೆ. ಹಾಲು ಉಕ್ಕಿತೆಂದು ಎದ್ದು ಹೋದರೆ ಅಷ್ಟು ಹೊತ್ತಿನ ವಾರ್ತೆ ತಪ್ಪಿತು. ಮಗಳು ಕೇಳುವುದು ಮೊದಲೇ ರೆಕಾರ್ಡ್ ಮಾಡಿಟ್ಟ ಫೈಲ್. ಅವಳು ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ.

ಆದರೆ ನೆಟ್‌ನಲ್ಲಿ ಸುಮ್ನೆ ಒಂದು ಎಂಪಿ3 ಹಾಕಿದ ಮಾತ್ರಕ್ಕೆ ಪಾಡ್‌ಕಾಸ್ಟ್ ಆಗುವುದಿಲ್ಲ. ಅದರ ಜೊತೆಗೆ ಆರ್‌ಎಸ್‌ಎಸ್ ಫೀಡ್ ಇರುತ್ತದೆ. ಇದೊಂದು ಸಾದಾ ಪಠ್ಯದ ಕಡತ. ಕಂತಿನ ಹೆಸರು, ತಾರೀಖು, ಎರಡು ಸಾಲಿನ ವಿವರಣೆ, ಆಡಿಯೊ ಫೈಲಿನ ವಿಳಾಸ, ಅದು ಎಷ್ಟು ಬೈಟ್ ಇದೆ ಎನ್ನುವ ಲೆಕ್ಕ, ಇಷ್ಟೇ. ಮಗಳು ‘ಫಾಲೋ’ ಒತ್ತಿದ ಮೇಲೆ ಆ್ಯಪ್ ಆಗಾಗ ಈ ಕಡತ ನೋಡಿಕೊಂಡು ಬರುತ್ತದೆ. ಹೊಸ ಕಂತು ಸೇರಿದ್ದರೆ ಪಟ್ಟಿಗೆ ಹಾಕುತ್ತದೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಬರೆಯುವ ಡೇವ್ ವೈನರ್ ಫೀಡ್‌ನಲ್ಲಿ ಆಡಿಯೊ ಸೇರಿಸುವ ದಾರಿ ಮಾಡಿದರು. ಎಂಟಿವಿಯಲ್ಲಿ ನಿರೂಪಕರಾಗಿದ್ದ ಆ್ಯಡಂ ಕರಿ 2004ರಲ್ಲಿ ಅದನ್ನು ಜನಪ್ರಿಯ ಮಾಡಿದರು. 2005ರಲ್ಲಿ ಆ್ಯಪಲ್ ಹಾಡು ಕೇಳುವ ತನ್ನ ಸಾಫ್ಟ್‌ವೇರ್ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಊರಿಗೆಲ್ಲ ಗೊತ್ತಾಯಿತು.

ನನಗೆ ಜಾಸ್ತಿ ಕುತೂಹಲ ಇರುವುದು ಖರ್ಚಿನ ಲೆಕ್ಕದಲ್ಲಿ. ರೇಡಿಯೊ ಟ್ರಾನ್ಸ್‌ಮಿಟರ್ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಅಷ್ಟೇ ಕರೆಂಟ್ ತಿನ್ನುತ್ತದೆ. ಆದರೆ ಅದನ್ನು ಕಟ್ಟಿ ನಿಲ್ಲಿಸಲಿಕ್ಕೇ ದೊಡ್ಡ ಗಂಟು ಬೇಕು. ಪಾಡ್‌ಕಾಸ್ಟ್‌ನಲ್ಲಿ ಇದು ತಿರುವುಮುರುವು. ಒಂದು ಮೈಕು, ಒಂದು ಫೋನು ಇದ್ದರೆ ಶುರು ಮಾಡಬಹುದು. ಆಮೇಲೆ ಕೇಳುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗಬೇಕು. ಸೆಕೆಂಡಿಗೆ 64 ಕಿಲೋಬಿಟ್ ಗುಣಮಟ್ಟದ ಅರ್ಧ ಗಂಟೆಯ ಮಾತು ಸುಮಾರು 14 ಎಂಬಿ. ಸಾವಿರ ಜನ ಇಳಿಸಿಕೊಂಡರೆ 14 ಜಿಬಿ. ಆ ಬಿಲ್ಲನ್ನು ಯಾರೋ ಒಬ್ಬರು ಕಟ್ಟಲೇಬೇಕು. ಬದಲಿಗೆ ಎಷ್ಟು ಡೌನ್‌ಲೋಡ್ ಆಯಿತೆಂದು ತಿಳಿಯುತ್ತದೆ. ಕೇಳಿದರೋ ಬಿಟ್ಟರೋ, ಅದು ಬೇರೆ ಮಾತು! ಟ್ರಾನ್ಸ್‌ಮಿಟರ್‌ಗಂತೂ ಅಷ್ಟೂ ತಿಳಿಯುವುದಿಲ್ಲ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರ ಶುರು ಮಾಡಿದ್ದರು. ‘ಆಕಾಶವಾಣಿ’ ಎನ್ನುವ ಹೆಸರು ಅಲ್ಲಿಯದೇ. ಹುಮ್ಮಸ್ಸಿನಲ್ಲಿ ಅವರು ಇಂದಿನ ಪಾಡ್‌ಕಾಸ್ಟ್ ಮಾಡುವ ಹುಡುಗರಿಗೇನೂ ಕಡಿಮೆ ಇರಲಿಲ್ಲ. ಆದರೆ ಬಾನುಲಿಯ ಖರ್ಚು ಒಂದು ಮನೆ ಹೊರುವಂಥದ್ದಲ್ಲ. ಮುಂದೆ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು.

ಇನ್ನೊಂದು, ಅನುಮತಿ. ಒಂದೇ ಊರಿನಲ್ಲಿ ಒಂದೇ ತರಂಗಾಂತರದಲ್ಲಿ ಇಬ್ಬರು ಮಾತಾಡಿದರೆ ಇಬ್ಬರದೂ ಕೇಳಿಸುವುದಿಲ್ಲ. ಹಾಗಾಗಿ ಸರ್ಕಾರ ಹಂಚಬೇಕು, ಲೈಸೆನ್ಸ್ ಬೇಕು, ಅದರ ಹಿಂದೆ ಷರತ್ತುಗಳೂ ಬರುತ್ತವೆ. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೊ ಸಿಟಿ, 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಹಾಡು ಹಾಕಬಹುದು, ಹರಟಬಹುದು, ಸ್ವಂತ ವಾರ್ತೆ ಓದುವಂತಿರಲಿಲ್ಲ. 2011ರ ನೀತಿಯಲ್ಲಿ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಹಾಕಲು ಅವಕಾಶ ಸಿಕ್ಕಿತು, ಅಷ್ಟೇ. ಪಾಡ್‌ಕಾಸ್ಟ್‌ಗೆ ತರಂಗಾಂತರವೂ ಬೇಡ, ಅದರ ಲೈಸೆನ್ಸೂ ಬೇಡ. ಮಾನನಷ್ಟ, ಕಾಪಿರೈಟ್ ಕಾನೂನು ಮಾತ್ರ ಇಬ್ಬರಿಗೂ ಒಂದೇ. ಎಫ್‌ಎಂನವರು ರಾಯಧನ ಕಟ್ಟಿ ಸಿನಿಮಾ ಹಾಡು ಹಾಕುತ್ತಾರೆ. ಪಾಡ್‌ಕಾಸ್ಟ್‌ನವರಿಗೆ ಆ ಹಕ್ಕು ಪಡೆಯುವುದು ಕಷ್ಟ, ಅದಕ್ಕೇ ಅಲ್ಲಿ ಹಾಡಿಗಿಂತ ಮಾತೇ ಜಾಸ್ತಿ.

ಯೂಟ್ಯೂಬಿನ ಎರಡು ಗಂಟೆಯ ಸಂದರ್ಶನಗಳನ್ನೂ ಈಗ ಪಾಡ್‌ಕಾಸ್ಟ್ ಅನ್ನುತ್ತಾರೆ. ಫೀಡ್ ಇಲ್ಲದ್ದನ್ನು ಹಾಗೆ ಕರೆಯಲು ನನಗೆ ಮನಸ್ಸಿಲ್ಲ, ಆದರೆ ಜನ ನನ್ನನ್ನು ಕೇಳಿ ಕರೆಯುತ್ತಿಲ್ಲವಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬೇಕೆಂದರೆ ಮಗಳಿಗೆ ಒಂದು ಕಂತು ಡೌನ್‌ಲೋಡ್ ಮಾಡಿಡಲು ಹೇಳಿ, ಆಮೇಲೆ ಡೇಟಾ, ವೈಫೈ ಎರಡೂ ಆಫ್ ಮಾಡಿ. ಅವಳ ಪಾಡ್‌ಕಾಸ್ಟ್ ಕೊನೆವರೆಗೂ ಓಡುತ್ತದೆ. ನಿಮ್ಮ ಧಾರವಾಡ ಸ್ವಲ್ಪ ಹೊತ್ತಿಗೆಲ್ಲ ನಿಂತುಬಿಡುತ್ತದೆ. ಆಗ ಅಟ್ಟದ ಮೇಲಿನ ಟ್ರಾನ್ಸಿಸ್ಟರ್ ಇಳಿಸಿ ಸೆಲ್ ಹಾಕಿಕೊಳ್ಳಿ.