ಅರ್ಥವಾಗುವ ಮೊದಲೇ ಓಡಿದ ಕಾರ್ಖಾನೆ

ಮುಂಗಾರು ಬಿತ್ತನೆ ಮುಗಿದು ಮೇಲುಗೊಬ್ಬರದ ಹೊತ್ತು ಬಂತೆಂದರೆ ಸೊಸೈಟಿಗಳ ಮುಂದೆ ಯೂರಿಯಾಕ್ಕೆ ಸಾಲು ಶುರು. 45 ಕೆ.ಜಿ.ಯ ಆ ಚೀಲದಲ್ಲಿ 20 ಕೆ.ಜಿ.ಗೂ ಮಿಕ್ಕಿ ಸಾರಜನಕ ಇರುತ್ತದೆ, ಅಷ್ಟೂ ಗಾಳಿಯಿಂದ ಬಂದದ್ದು. ಚೀಲ ಪಣಂಬೂರಿನ ಕಾರ್ಖಾನೆಯದ್ದಿರಲಿ, ಹಡಗಿನಲ್ಲಿ ಬಂದಿಳಿದದ್ದಿರಲಿ, ಅದರೊಳಗಿನ ಸಾರಜನಕ ಒಮ್ಮೆ ಕಬ್ಬಿಣದ ಚೂರೊಂದರ ಮೈಮೇಲೆ ಕೂತು, ಅಲ್ಲಿ ಎರಡಾಗಿ ಸೀಳಿ, ಜಲಜನಕವನ್ನು ಕೂಡಿಸಿಕೊಂಡು ಅಮೋನಿಯಾ ಆಗಿ ಎದ್ದು ಹೋಗಿರುತ್ತದೆ; ಆ ಅಮೋನಿಯಾದಿಂದಲೇ ಯೂರಿಯಾ. ಕಬ್ಬಿಣ ಮಾತ್ರ ಇದ್ದಲ್ಲೇ ಇರುತ್ತದೆ, ಮುಂದಿನ ಅಣುವಿಗೆ ಜಾಗ ಕೊಡುತ್ತದೆ. ಹೀಗೆ ತಾನು ಖರ್ಚಾಗದೆ ಕೆಲಸ ನಡೆಸಿಕೊಡುವ ವಸ್ತುವೇ ಕ್ರಿಯಾವರ್ಧಕ. ಮೇಲ್ಮೈಯಲ್ಲಿ ಅಣುಗಳು ಕೂರುವುದು, ಮುರಿಯುವುದು, ಏಳುವುದು ಹೇಗೆ ಎಂದು ನೋಡುವುದು ಮೇಲ್ಮೈ ರಸಾಯನಶಾಸ್ತ್ರ.

ವಿಚಿತ್ರವೆಂದರೆ, ಅಮೋನಿಯಾದ ಕಾರ್ಖಾನೆ ಶುರುವಾದದ್ದು 1913ರಲ್ಲಿ. ಕಬ್ಬಿಣದ ಮೇಲೆ ನಿಜಕ್ಕೂ ಏನು ನಡೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ 1970ರ ದಶಕ ಮುಗಿಯುತ್ತಾ ಬಂದಿತ್ತು.

ಈ ವಿದ್ಯೆಯ ಜಾಯಮಾನವೇ ಹಾಗೆ. 1823ರಲ್ಲಿ ಜರ್ಮನಿಯ ಯೇನಾ ಊರಿನ ಡೋಬರೈನರ್, ಸ್ಪಂಜಿನಂಥ ಪ್ಲಾಟಿನಂ ಮೇಲೆ ಜಲಜನಕ ಹಾಯಿಸಿದ. ಪ್ಲಾಟಿನಂ ಕೆಂಪಗೆ ಕಾದು, ಅನಿಲಕ್ಕೆ ಬೆಂಕಿ ಹತ್ತಿತು. ಉಜ್ಜಿದರೆ ಹತ್ತುವ ಬೆಂಕಿಕಡ್ಡಿ ಇನ್ನೂ ಹುಟ್ಟಿರಲಿಲ್ಲ. ಸತುವಿನ ಮೇಲೆ ಗಂಧಕಾಮ್ಲ ಬಿಟ್ಟು ಜಲಜನಕ ತೆಗೆದು, ಅದನ್ನು ಪ್ಲಾಟಿನಂಗೆ ತಾಗಿಸಿ ದೀಪ ಹಚ್ಚುವ ಯಂತ್ರ ಮನೆಮನೆಗೆ ಮಾರಾಟವಾಯಿತು. ಯಾಕೆ ಹತ್ತುತ್ತದೆ? ಗೊತ್ತಿಲ್ಲ. 1834ರಲ್ಲಿ ಫ್ಯಾರಡೆ, ಅನಿಲಗಳು ಲೋಹದ ಮೈಗೆ ಅಂಟಿಕೊಂಡು ಒತ್ತೊತ್ತಾಗುವುದೇ ಕಾರಣ ಎಂದ. ಮಾರನೇ ವರ್ಷ ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ ಇದಕ್ಕೆ ‘ಕೆಟಾಲಿಸಿಸ್’ ಎಂದು ಹೆಸರಿಟ್ಟ. ಹೆಸರು ಸಿಕ್ಕಿತು, ವಿವರಣೆ ಸಿಗಲಿಲ್ಲ.

ಇನ್ನು ಅಮೋನಿಯಾದ ಕಥೆ. ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಲ್ಲಿ ಬಿಗಿದುಕೊಂಡಿರುತ್ತವೆ, ಬಿಡಿಸುವುದು ಸುಲಭವಲ್ಲ. 1909ರ ಜುಲೈನಲ್ಲಿ ಕಾರ್ಲ್ಸ್‌ರೂಯೆಯ ಪ್ರಯೋಗಾಲಯದಲ್ಲಿ ಫ್ರಿಟ್ಸ್ ಹೇಬರ್ ಭಾರಿ ಒತ್ತಡದಲ್ಲಿ, ಆಸ್ಮಿಯಂ ಲೋಹದ ಮೇಲೆ, ಅಮೋನಿಯಾ ಹನಿಹನಿಯಾಗಿ ಇಳಿಯುವುದನ್ನು ಬಿಎಎಸ್ಎಫ್ ಎಂಬ ಜರ್ಮನ್ ರಾಸಾಯನಿಕ ಕಂಪನಿಯವರಿಗೆ ತೋರಿಸಿದ. ಆದರೆ ಜಗತ್ತಿನ ಆಸ್ಮಿಯಂ ಅಷ್ಟನ್ನೂ ಗುಡ್ಡೆ ಹಾಕಿದರೂ ಕಾರ್ಖಾನೆ ನಡೆಸುವಷ್ಟು ಇರಲಿಲ್ಲ. ಅಗ್ಗದ ಬದಲಿ ಹುಡುಕುವ ಕೆಲಸ ಆ ಕಂಪನಿಯ ಆಲ್ವಿನ್ ಮಿಟಾಶ್ ಪಾಲಿಗೆ ಬಂತು.

ಮಿಟಾಶ್ ಮಾಡಿದ್ದು ನಮ್ಮ ಅಡುಗೆಮನೆಯ ವಿದ್ಯೆಯನ್ನೇ: ಇದಿಷ್ಟು ಹಾಕಿ ನೋಡು, ಅದಿಷ್ಟು ತೆಗೆದು ನೋಡು. ಶುದ್ಧ ಕಬ್ಬಿಣ ಕೈಕೊಟ್ಟಿತು. ಸ್ವೀಡನ್ನಿನ ಗಣಿಯೊಂದರಿಂದ ಬಂದ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಹಾಗಾದರೆ ಗುಟ್ಟು ಕಬ್ಬಿಣದಲ್ಲಲ್ಲ, ಅದರೊಳಗಿನ ಕಲಬೆರಕೆಯಲ್ಲಿದೆ! ಎರಡು ಸಾವಿರಕ್ಕೂ ಹೆಚ್ಚು ಮಿಶ್ರಣಗಳನ್ನು ಪರೀಕ್ಷಿಸಿದ ಮೇಲೆ ಕಬ್ಬಿಣಕ್ಕೆ ಚೂರು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡು), ಚೂರು ಪೊಟ್ಯಾಸಿಯಂ ಸೇರಿಸಿದ ಪಾಕ ನಿಂತಿತು. 1913ರಲ್ಲಿ ಜರ್ಮನಿಯ ಒಪ್ಪಾವ್ ಕಾರ್ಖಾನೆ ಇದರ ಮೇಲೆಯೇ ಓಡಿತು. ಇವತ್ತಿನ ಬಹುಪಾಲು ಕಾರ್ಖಾನೆಗಳ ಪಾಕವೂ ಅದರ ಹತ್ತಿರದ ನೆಂಟನೇ. ಒಂದು ಶತಮಾನ ದಾಟಿದರೂ ಅಷ್ಟಾಗಿ ಬದಲಾಗದ ರೆಸಿಪಿಗಳು ಕೈಗಾರಿಕೆಯಲ್ಲಿ ಅಪರೂಪ.

ಮೇಲ್ಮೈ ಎಂಬುದಕ್ಕೆ ಲೆಕ್ಕ ಹಚ್ಚಿದವನು ಅರ್ವಿಂಗ್ ಲ್ಯಾಂಗ್ಮ್ಯೂರ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ನೌಕರ. ಬಲ್ಬಿನ ತಂತಿಯ ಮೇಲೆ ಅನಿಲಗಳು ಏನು ಮಾಡುತ್ತವೆ ಎಂದು ನೋಡುತ್ತಾ ಹೋದವನಿಗೆ ಅವು ಲೋಹದ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಕೂರುತ್ತವೆ ಎಂದು ಹೊಳೆಯಿತು. ಸೀಟು ಎಣಿಕೆಯವು, ಒಂದು ಅಣು ಕೂತಲ್ಲಿ ಇನ್ನೊಂದಕ್ಕೆ ಜಾಗವಿಲ್ಲ. ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ ಮೇಲೆಲ್ಲ ಆಕ್ರಮಿಸಿಬಿಟ್ಟರೆ ಆಮ್ಲಜನಕ ಬಾಗಿಲಲ್ಲೇ ನಿಲ್ಲಬೇಕು. ಈ ಕೆಲಸಕ್ಕೆ 1932ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ, 1925ರಲ್ಲೇ, ರಸಾಯನವಿಜ್ಞಾನಿ ಹ್ಯೂ ಟೇಲರ್ ಇನ್ನೊಂದು ಮಾತು ಸೇರಿಸಿದ್ದ: ಎಲ್ಲ ಸೀಟೂ ಒಂದೇ ಅಲ್ಲ, ಕೆಲಸವೆಲ್ಲ ನಡೆಯುವುದು ಕೆಲವೇ ‘ಚುರುಕು ಜಾಗ’ಗಳಲ್ಲಿ.

ಹೇಳಿದ್ದು ಸರಿ, ತೋರಿಸುವುದು ಹೇಗೆ? ಲೋಹದ ಮೈಯನ್ನು ಎಷ್ಟು ತೊಳೆದರೂ ಗಾಳಿ ಕ್ಷಣದಲ್ಲಿ ಮುತ್ತಿಕೊಳ್ಳುತ್ತದೆ. ಗಾಳಿಯ ಒತ್ತಡವನ್ನು ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸಿದರೂ ಸೆಕೆಂಡುಗಳಲ್ಲಿ ಮೈಪೂರ್ತಿ ಒಂದು ಪದರ ಕೂತುಬಿಡಬಲ್ಲದು. ಅದಕ್ಕಿಂತಲೂ ಸಾವಿರಾರು ಪಟ್ಟು ತೆಳುವಾದ ನಿರ್ವಾತ ಬೇಕಿತ್ತು. ಅದನ್ನು ಮಾಡಿಕೊಡುವ ಪಂಪುಗಳು 1950–60ರ ದಶಕಗಳಲ್ಲಿ ಕೈಗೆ ಬಂದವು.

ಅವನ್ನು ಹಿಡಿದು ಜರ್ಮನಿಯ ರಸಾಯನವಿಜ್ಞಾನಿ ಗೆರ್ಹಾರ್ಡ್ ಎರ್ಟ್ಲ್ ಮ್ಯೂನಿಕ್‌ನಲ್ಲಿ ಮಿಟಾಶನ ಪಾಕವನ್ನು ಬಿಡಿಸಿ ನೋಡಿದರು. ಇಡೀ ಕ್ರಿಯೆಯಲ್ಲಿ ತಡವಾಗುವ ಹೆಜ್ಜೆ ಸಾರಜನಕ ಸೀಳುವುದು, ಅದಾದ ಮೇಲೆ ಜಲಜನಕ ಒಂದೊಂದಾಗಿ ಸೇರುವುದು ಸಲೀಸು. ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನನ್ನು ಕಬ್ಬಿಣಕ್ಕೆ ಕೊಟ್ಟು ಆ ಸೀಳುವಿಕೆಗೆ ಒತ್ತಾಸೆಯಾಗುತ್ತದೆ. ಅಮೆರಿಕದಲ್ಲಿ ಸೊಮೊರ್ಜೈ ತಂಡ 1982ರಲ್ಲಿ ಅಳೆದು ತೋರಿಸಿದ ಸಂಗತಿ ಇನ್ನೂ ಸ್ವಾರಸ್ಯದ್ದು: ಅದೇ ಕಬ್ಬಿಣದ ಹರಳನ್ನು ಬೇರೆ ಕೋನದಲ್ಲಿ ಕತ್ತರಿಸಿದರೆ ಅಮೋನಿಯಾ ಹುಟ್ಟುವ ವೇಗದಲ್ಲಿ 400 ಪಟ್ಟಿಗೂ ಹೆಚ್ಚು ವ್ಯತ್ಯಾಸ. ಪರಮಾಣುಗಳು ಸಡಿಲವಾಗಿ ಜೋಡಿಸಿಕೊಂಡ, ಏರುತಗ್ಗಿನ ಮುಖ ಚುರುಕು. ಒತ್ತಾಗಿ ಕೂತ ಮುಖ ಸೋಮಾರಿ. ಟೇಲರನ ಊಹೆಗೆ ಸಾಕ್ಷಿ ಸಿಕ್ಕಿತ್ತು. 2007ರಲ್ಲಿ ಎರ್ಟ್ಲ್‌ಗೆ ನೊಬೆಲ್ ಘೋಷಣೆಯಾದದ್ದು ಅವರ 71ನೇ ಹುಟ್ಟುಹಬ್ಬದ ದಿನ. ಆಗ ಅವರು ಇದ್ದದ್ದು ಬರ್ಲಿನ್ನಿನ ಫ್ರಿಟ್ಸ್ ಹೇಬರ್ ಸಂಸ್ಥೆಯಲ್ಲಿ.

ಅಲ್ಯೂಮಿನಾದ ಕೆಲಸವೇನು ಎಂದು ಕೇಳಿದರೆ ನ್ಯಾನೋಕಣಗಳ ಬಾಗಿಲು ತೆರೆಯುತ್ತದೆ. ಅದು ಕಬ್ಬಿಣದ ಸಣ್ಣ ಕಣಗಳು ಬಿಸಿಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ನಡುವೆ ನಿಲ್ಲುತ್ತದೆ. ಯಾಕೆಂದರೆ ಸಣ್ಣದಾದಷ್ಟೂ ಮೈ ಹೆಚ್ಚು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಗಟ್ಟಿಯ ಮೈ 6 ಚದರ ಸೆಂ.ಮೀ., ಅಂಗೈಗಿಂತ ಚಿಕ್ಕದು. ಅದನ್ನೇ ಒಂದು ನ್ಯಾನೋಮೀಟರಿನ, ಅಂದರೆ ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲಿನ, ತುಣುಕುಗಳಾಗಿ ಕೊಚ್ಚಿದರೆ ಒಟ್ಟು ಮೈ 6,000 ಚದರ ಮೀಟರ್. ಹೆಚ್ಚುಕಡಿಮೆ ಒಂದೂವರೆ ಎಕರೆ ಹೊಲ.

ಬರೀ ವಿಸ್ತಾರದ ಮಾತಾಗಿದ್ದರೆ ಚಿನ್ನ ಇಲ್ಲಿ ಬರುತ್ತಲೇ ಇರಲಿಲ್ಲ. ಚಿನ್ನ ಯಾರ ಗೊಡವೆಗೂ ಹೋಗುವುದಿಲ್ಲ, ಅಜ್ಜಿಯ ಸರ ಮೊಮ್ಮಗಳ ಕೊರಳಲ್ಲೂ ಹಾಗೇ ಹೊಳೆಯುವುದು ಅದಕ್ಕೇ. ಫ್ಯಾರಡೆ 1857ರಲ್ಲೇ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಸಿ ಮಾಣಿಕ್ಯದ ಕೆಂಪು ಬರಿಸಿದ್ದ. ಬಣ್ಣ ಬದಲಾದರೆ ಗುಣವೂ ಬದಲಾಗಬಹುದೇ ಎಂಬ ಪ್ರಶ್ನೆಗೆ 1987ರ ತನಕ ಕಾಯಬೇಕಾಯಿತು. ಆ ವರ್ಷ ಜಪಾನಿನ ಮಸತಾಕೆ ಹರೂತ, ಲೋಹದ ಆಕ್ಸೈಡುಗಳ ಮೇಲೆ ಕೂರಿಸಿದ ಕೆಲವೇ ನ್ಯಾನೋಮೀಟರಿನ ಚಿನ್ನದ ಕಣಗಳು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಕಾರ್ಬನ್ ಮಾನಾಕ್ಸೈಡನ್ನು ಉರಿಸುತ್ತವೆ ಎಂದು ತೋರಿಸಿದರು. ಕಣ ಅಷ್ಟು ಚಿಕ್ಕದಾದಾಗ ಅಂಚು, ಮೂಲೆಗಳಲ್ಲಿ ನಿಂತ ಪರಮಾಣುಗಳ ಪಾಲು ಹೆಚ್ಚುತ್ತದೆ. ಅವಕ್ಕೆ ನೆರೆಹೊರೆ ಕಡಿಮೆ, ಹಾಗಾಗಿ ಹೊರಗಿನವರನ್ನು ಹಿಡಿಯುವ ತವಕ ಜಾಸ್ತಿ. ಕೆಳಗಿರುವ ಆಕ್ಸೈಡೂ ಸುಮ್ಮನಿರುವುದಿಲ್ಲ. ಅದರ ಪಾಲೆಷ್ಟು, ಚಿನ್ನದ ಪಾಲೆಷ್ಟು ಎಂಬ ಜಗಳ ದಶಕಗಟ್ಟಲೆ ನಡೆದಿದೆ.

ಚಿಕ್ಕ ಕಣದ ಶತ್ರು ಬಿಸಿ. ಕಾರಿನ ಹೊಗೆಕೊಳವೆಯಲ್ಲಿ ವಿಷದ ಹೊಗೆಯನ್ನು ಸೌಮ್ಯಗೊಳಿಸುವ ಪರಿವರ್ತಕದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕಣಗಳು ಜೇನುಗೂಡಿನಂಥ ಪಿಂಗಾಣಿಯ ಮೇಲೆ ಕೂತಿರುತ್ತವೆ. ಸೀಸ ಬೆರೆಸಿದ ಪೆಟ್ರೋಲ್ ಅವಕ್ಕೆ ವಿಷ. ಅದಕ್ಕೇ ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಪರಿವರ್ತಕ ಕಡ್ಡಾಯವಾದಾಗ ಸೀಸವಿಲ್ಲದ ಪೆಟ್ರೋಲೂ ಜೊತೆಗೇ ಬರಬೇಕಾಯಿತು. ಸೀಸ ಹೋದರೂ ಬಿಸಿ ಉಳಿಯಿತು. ವರ್ಷಗಳು ಕಳೆದಂತೆ ಕಣಗಳು ಸರಿದಾಡಿ, ಸೇರಿ, ದಪ್ಪಗಾಗುತ್ತವೆ, ಮೈ ಕರಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗ್ಡೆ ಮತ್ತು ಸಂಗಡಿಗರು ಇದಕ್ಕೆ ಬೇರೆಯದೇ ದಾರಿ ಹಿಡಿದರು. ಪಲ್ಲಾಡಿಯಂ, ಪ್ಲಾಟಿನಂಗಳನ್ನು ಕಣವಾಗಿ ಮೇಲೆ ಕೂರಿಸುವ ಬದಲು, ಒಂದೊಂದೇ ಅಯಾನಾಗಿ (ವಿದ್ಯುದಾವೇಶ ಹೊತ್ತ ಪರಮಾಣುವಾಗಿ) ಸೀರಿಯಂ ಆಕ್ಸೈಡಿನ ಹರಳಿನೊಳಗೇ, ಸೀರಿಯಂ ಇರಬೇಕಾದ ಜಾಗದಲ್ಲಿ ನೆಟ್ಟರು. ಅಲ್ಲಿ ಒಂದಕ್ಕೊಂದು ಅಂಟಿಕೊಳ್ಳಲು ಕಣಗಳೇ ಇಲ್ಲ.