ಇರಾನಿನ ಹೆಣ್ಣುಮಕ್ಕಳಿಗೆ ಹೊರಗಿನವರ ಬೆಂಬಲ: ಎಲ್ಲಿ ಕೈಗೂಡಿತು, ಎಲ್ಲಿ ಕೈಕೊಟ್ಟಿತು

2022ರ ಸೆಪ್ಟೆಂಬರ್‌ನಲ್ಲಿ ಕನ್ನಡದ ಫೇಸ್‌ಬುಕ್‌ ಜಗಳಗಳಲ್ಲಿ ಇರಾನ್ ಎರಡೂ ಕಡೆಯ ಸಾಕ್ಷಿಯಾಗಿ ನಿಂತಿತ್ತು. ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ಪ್ರಕರಣ ಆಗ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಯಲ್ಲಿತ್ತು. ಅದೇ 16ರಂದು ಟೆಹರಾನಿನ ಆಸ್ಪತ್ರೆಯಲ್ಲಿ 22 ವರ್ಷದ ಮಹ್ಸಾ ಅಮೀನಿ ತೀರಿಕೊಂಡಳು. ಹಿಜಾಬ್ ಸರಿಯಾಗಿ ಧರಿಸಿಲ್ಲವೆಂದು ನೈತಿಕ ಪೊಲೀಸರು ಅವಳನ್ನು ಹಿಡಿದು ಮೂರು ದಿನವಾಗಿತ್ತು. ಕಾಲೇಜಿನಲ್ಲಿ ಹಿಜಾಬ್ ಬೇಡ ಎನ್ನುವವರು ಅಲ್ಲಿ ಬಟ್ಟೆ ಸುಡುವ ವಿಡಿಯೊ ಹಂಚಿದರು. ಹಾಕಿಕೊಳ್ಳುವುದು ಹುಡುಗಿಯ ಇಷ್ಟ ಎನ್ನುವವರು, ಅಲ್ಲಿ ಹಾಕೆಂದು ಬಡಿಯುತ್ತಾರೆ, ಇಲ್ಲಿ ತೆಗೆಯೆಂದು ಗೇಟಿನಲ್ಲಿ ನಿಲ್ಲಿಸುತ್ತಾರೆ ಎಂದರು. ಎರಡೂ ಕಡೆಯವರು ತಮ್ಮದು ಇರಾನಿನ ಹೆಣ್ಣುಮಕ್ಕಳ ಪರ ಬೆಂಬಲ ಎಂದೇ ಹೇಳಿಕೊಂಡರು. ಟೆಹರಾನಿನ ಬೀದಿಯಲ್ಲಿದ್ದವರಿಗೆ ಈ ಜಗಳದಿಂದ ಮೂರು ಕಾಸಿನ ಉಪಯೋಗ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಸಂಜೆ ನಾಲ್ಕರ ಮೇಲೂ ಮೊಬೈಲಿನಲ್ಲಿ ಇಂಟರ್‌ನೆಟ್.

ಹಿಂದಿನ ಕಥೆ ಚುಟುಕಾಗಿ ಹೇಳಬಹುದು. 1936ರ ಜನವರಿಯಲ್ಲಿ ರೆಜಾ ಶಾ ಸರ್ಕಾರ ಮುಸುಕನ್ನು ನಿಷೇಧಿಸಿ ಪೊಲೀಸರಿಂದ ಎಳೆಸಿತು. 1979ರ ಕ್ರಾಂತಿಯ ನಂತರ ಬಂದ ಸರ್ಕಾರ ಅದನ್ನು ಕಡ್ಡಾಯ ಮಾಡುತ್ತಾ ಹೋಗಿ, 1983ರಲ್ಲಿ ತಪ್ಪಿದರೆ 74 ಛಡಿಯೇಟು ಎಂದು ಕಾನೂನಿನಲ್ಲೇ ಬರೆಯಿತು. ನಲವತ್ತೇಳು ವರ್ಷಗಳ ಅಂತರದಲ್ಲಿ ಒಂದೇ ದೇಶದ ಪೊಲೀಸರು ಹೆಂಗಸರ ತಲೆಗೆ ಎರಡು ಬಗೆಯಲ್ಲಿ ಕೈ ಹಾಕಿದ್ದರು.

ಹೊರಗಿನ ಬೆಂಬಲದ ಮೊದಲ ದೊಡ್ಡ ಪ್ರಸಂಗ 1979ರ ಮಾರ್ಚ್‌ನದು. ಕಚೇರಿಗೆ ಬರುವ ಹೆಂಗಸರು ತಲೆ ಮುಚ್ಚಬೇಕೆಂಬ, ಕ್ರಾಂತಿಯ ನಾಯಕ ಖೊಮೇನಿಯವರ ಮಾತು ಹೊರಬಿದ್ದ ಮರುದಿನವೇ, ಮಾರ್ಚ್ 8ರಂದು, ಸಾವಿರಾರು ಹೆಂಗಸರು ಟೆಹರಾನಿನ ಬೀದಿಗಿಳಿದರು. ಅಮೆರಿಕದ ಸ್ತ್ರೀವಾದಿ ಕೇಟ್ ಮಿಲೆಟ್ ಆಗ ಅಲ್ಲೇ ಇದ್ದರು. ಕೆಲವೇ ದಿನಗಳಲ್ಲಿ ಅವರನ್ನು ದೇಶದಿಂದ ಹೊರಹಾಕಲಾಯಿತು. ಪ್ಯಾರಿಸ್ಸಿನಿಂದ ಫ್ರೆಂಚ್ ಲೇಖಕಿ ಸಿಮೊನ್ ದ ಬೊವಾ ಅಧ್ಯಕ್ಷತೆಯ ಸಮಿತಿಯೊಂದು ನಿಯೋಗ ಕಳಿಸಿತು. ಆ ನಿಯೋಗ ಒಡೆದದ್ದು ಖೊಮೇನಿಯವರನ್ನು ಕಾಣಲು ತಲೆ ಮುಚ್ಚಿಕೊಂಡು ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ. ಅತ್ತ ಇರಾನಿನಲ್ಲಿ, ಈ ಹೋರಾಟ ಪಾಶ್ಚಾತ್ಯರ ಕೈವಾಡ ಎನ್ನಲು ಕಾದಿದ್ದವರಿಗೆ ಅತಿಥಿಗಳ ಫೋಟೊಗಳೇ ಪುರಾವೆಯಾದವು. ಅಂದು ಅಂಟಿದ ಈ ಹಣೆಪಟ್ಟಿ ಇಂದಿಗೂ ಬಿಟ್ಟಿಲ್ಲ.

ಪಾಠ ಕಲಿತವರು ಒಳಗಿನವರೇ. 2006ರ ಆಗಸ್ಟ್‌ನಲ್ಲಿ ಶುರುವಾದ ಹತ್ತು ಲಕ್ಷ ಸಹಿ ಅಭಿಯಾನದ ಹೆಂಗಸರು ವಿಚ್ಛೇದನ, ಮಕ್ಕಳ ಪಾಲನೆ, ಆಸ್ತಿ, ಸಾಕ್ಷ್ಯ ಇವುಗಳಲ್ಲಿನ ತಾರತಮ್ಯದ ಕಾನೂನುಗಳನ್ನು ವಿವರಿಸುವ ಕಿರುಪುಸ್ತಕ ಹಿಡಿದು ಪಾರ್ಕು, ಬಸ್ಸು, ಬ್ಯೂಟಿ ಪಾರ್ಲರ್‌ಗಳಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದರು. ಎದುರಿನವರು ಸಹಿ ಹಾಕದಿದ್ದರೂ ಪುಸ್ತಕ ಕೊಟ್ಟು ಬರುತ್ತಿದ್ದರು. ಅದೇ ವರ್ಷ ಅಮೆರಿಕ ಸರ್ಕಾರ ಇರಾನಿನಲ್ಲಿ ಪ್ರಜಾಪ್ರಭುತ್ವ ಬೆಳೆಸಲೆಂದು 7.5 ಕೋಟಿ ಡಾಲರ್ ಬೇಕೆಂದು ತನ್ನ ಸಂಸತ್ತನ್ನು ಕೇಳಿತ್ತು. ಹಣ ಯಾರಿಗೆ ತಲುಪುತ್ತದೆಂದು ಯಾರಿಗೂ ಗೊತ್ತಿಲ್ಲದ ಕಾರಣ ಪ್ರತಿಯೊಬ್ಬರ ಮೇಲೂ ಅನುಮಾನ ಬಂತು. ಅಭಿಯಾನದವರು ವಿದೇಶಿ ಹಣ ಮುಟ್ಟುವುದಿಲ್ಲವೆಂದು ಮೊದಲೇ ಸಾರಿದ್ದರೂ ಬಂಧನ ತಪ್ಪಲಿಲ್ಲ. ಒಳ್ಳೆಯ ಉದ್ದೇಶದ ಆ ಹಣ ಬಾರದಿದ್ದರೇ ಅವರಿಗೆ ಅನುಕೂಲವಾಗುತ್ತಿತ್ತು ಎನ್ನಿಸುತ್ತದೆ.

ಅಲ್ಲಿಂದ 2022ಕ್ಕೆ. ಮಹ್ಸಾಳ ಸುದ್ದಿ ಹೊರಬಿದ್ದದ್ದು ಒಳಗಿನ ಪತ್ರಕರ್ತೆಯರಿಂದ: ನಿಲೂಫರ್ ಹಮೇದಿ ಆಸ್ಪತ್ರೆಯಿಂದ ವರದಿ ಮಾಡಿದರು, ಇಲಾಹೆ ಮೊಹಮ್ಮದಿ ಅವಳ ಊರು ಸಕ್ಕೇಜ್‌ಗೆ ಹೋಗಿ ಅಂತ್ಯಕ್ರಿಯೆಯ ವರದಿ ಬರೆದರು. ಇಬ್ಬರೂ ಜೈಲು ಸೇರಿದರು. ಆ ಸ್ಮಶಾನದಲ್ಲಿ ಕೇಳಿದ 'ಹೆಣ್ಣು, ಬದುಕು, ಬಿಡುಗಡೆ' ಘೋಷಣೆ ಇರಾನಿನ ಅಲ್ಪಸಂಖ್ಯಾತ ಸಮುದಾಯವಾದ ಕುರ್ದರದು. ಸತ್ತವಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರೂ ಜೀನಾ ಎಂಬ ಕುರ್ದಿಶ್ ಹೆಸರು. ಯುರೋಪಿನ ನಟಿಯರು ಕ್ಯಾಮೆರಾ ಮುಂದೆ ಕೂದಲು ಕತ್ತರಿಸಿಕೊಳ್ಳುವ ಹೊತ್ತಿಗೆ ಈ ಕುರ್ದಿಶ್ ಎಳೆ ಬಹುಪಾಲು ಮರೆಯಾಗಿತ್ತು. ಕುರ್ದ್ ಹೆಂಗಸರು ಸಾವಿನ ಮನೆಯಲ್ಲಿ ಜಡೆ ಕತ್ತರಿಸುವ ಸಂಪ್ರದಾಯ ಗೊತ್ತಿದ್ದು ಕತ್ತರಿಸಿದವರೆಷ್ಟು ಮಂದಿಯೋ.

ಬಂಧನ, ಗುಂಡಿನ ಜೊತೆಗೆ ಸರ್ಕಾರ ಬಳಸಿದ ಇನ್ನೊಂದು ಆಯುಧ ಇಂಟರ್‌ನೆಟ್ ಕಡಿತ. 2019ರ ನವೆಂಬರ್‌ನಲ್ಲಿ ದೇಶವನ್ನೇ ಸುಮಾರು ಒಂದು ವಾರ ಕತ್ತಲಲ್ಲಿಟ್ಟು ನೋಡಿದ್ದರು. ವ್ಯಾಪಾರಕ್ಕೆ ಭಾರಿ ಹೊಡೆತ ಬಿದ್ದಿತ್ತು. (ಇಂಟರ್‌ನೆಟ್ ನಿಲ್ಲಿಸುವುದರಲ್ಲಿ ನಮ್ಮ ದೇಶವೂ ಹಿಂದೆ ಬಿದ್ದಿಲ್ಲ, ಕಾಶ್ಮೀರಕ್ಕೆ 4ಜಿ ಪೂರ್ತಿ ಮರಳಿದ್ದು 2021ರ ಫೆಬ್ರುವರಿಯಲ್ಲಿ.) 2022ರಲ್ಲಿ ಕಡಿತ ಇನ್ನಷ್ಟು ಚತುರವಾಗಿತ್ತು. ಇನ್‌ಸ್ಟಾಗ್ರಾಂ, ವಾಟ್ಸಾಪ್ ಮುಚ್ಚಿದರು. ಜನ ಸೇರುವ ಹೊತ್ತಿಗೆ, ಸುಮಾರು ಸಂಜೆ ನಾಲ್ಕರಿಂದ ನಡುರಾತ್ರಿವರೆಗೆ, ಮೊಬೈಲ್ ಡೇಟಾ ಮಾತ್ರ ಕಡಿಯುತ್ತಿದ್ದರು. ಬ್ಯಾಂಕು, ಟ್ಯಾಕ್ಸಿ ಆ್ಯಪ್‌ಗಳು ದೇಶದೊಳಗಿನ ಜಾಲದ ಮೇಲೆ ಓಡುತ್ತಲೇ ಇದ್ದವು.

ಹೊರಗಿನವರ ಸಹಾಯ ನಿಜಕ್ಕೂ ಕೆಲಸಕ್ಕೆ ಬಂದದ್ದು ಇಲ್ಲಿ. ಗುರುತು ಮರೆಸಿ, ತಡೆ ದಾಟಿ ಇಂಟರ್‌ನೆಟ್ ಬಳಸಲು ನೆರವಾಗುವ ಟಾರ್ ಜಾಲದ ಸರ್ವರ್‌ಗಳ ಪಟ್ಟಿ ಬಹಿರಂಗವಾಗಿರುವುದರಿಂದ ಅವುಗಳನ್ನು ತಡೆಯುವುದು ಸುಲಭ. ಅದಕ್ಕೆ ಸ್ನೋಫ್ಲೇಕ್ ಎಂಬ ವ್ಯವಸ್ಥೆ ಬೇರೆ ದೇಶಗಳ ಸಾಮಾನ್ಯ ಜನರ ಬ್ರೌಸರ್‌ಗಳನ್ನೇ ತಾತ್ಕಾಲಿಕ ದಾರಿಯಾಗಿ ಬಳಸುತ್ತದೆ. ಫೈರ್‌ಫಾಕ್ಸ್‌ಗೋ ಕ್ರೋಮ್‌ಗೋ ಎಕ್ಸ್‌ಟೆನ್ಶನ್ ಹಾಕಿ, ಆನ್ ಮಾಡಿ, ಬ್ರೌಸರ್ ತೆರೆದಿಟ್ಟರೆ ಸಾಕು. ಇರಾನಿನಲ್ಲಿರುವವರ ಫೋನು ಮೊದಲು 'ಬ್ರೋಕರ್' ಎಂಬ ಸರ್ವರನ್ನು ಸಂಪರ್ಕಿಸುತ್ತದೆ. ಅದು ಖಾಲಿ ಇರುವ ಒಂದು ಬ್ರೌಸರನ್ನು ಜೋಡಿಸಿಕೊಡುತ್ತದೆ. ಆಮೇಲೆ ಹರಿಯುವುದೆಲ್ಲ ವೆಬ್‌ಆರ್‌ಟಿಸಿಯಲ್ಲಿ. ಬ್ರೌಸರಿನ ವಿಡಿಯೊ ಕಾಲ್‌ಗಳು ಬಳಸುವ ತಂತ್ರವೂ ಇದೇ. ಇದನ್ನು ಪೂರ್ತಿ ತಡೆಯಹೊರಟರೆ ಆನ್‌ಲೈನ್ ಮೀಟಿಂಗ್‌ಗಳೂ ನಿಲ್ಲುತ್ತವೆ. ನಾಳೆ ಇನ್ನೊಂದು ಬ್ರೌಸರ್ ಸಿಗುವುದರಿಂದ ಇವತ್ತಿನ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ತಡೆದೂ ಲಾಭವಿಲ್ಲ.

ತಮ್ಮ ಐಪಿ ವಿಳಾಸದಿಂದ ಯಾರೋ ಏನೋ ಮಾಡಿ, ಪೊಲೀಸರು ತಮ್ಮ ಮನೆ ಬಾಗಿಲಿಗೆ ಬಂದಾರೆಂದು ಜನ ಹೆದರುವುದುಂಟು. ಸ್ನೋಫ್ಲೇಕ್‌ನಲ್ಲಿ ಅದಕ್ಕೆ ಆಸ್ಪದ ಕಡಿಮೆ. ನಿಮ್ಮ ಬ್ರೌಸರ್ ಮುಟ್ಟಿಸುವುದು ಟಾರ್‌ನ ಮುಂದಿನ ಸರ್ವರಿಗೆ ಮಾತ್ರ. ಇರಾನಿನಲ್ಲಿರುವವರು ನೋಡುವ ಜಾಲತಾಣಗಳಿಗೆ ನಿಮ್ಮ ವಿಳಾಸ ಕಾಣುವುದಿಲ್ಲ, ಅವರು ಏನು ನೋಡಿದರೆಂದು ನಿಮಗೂ ಕಾಣುವುದಿಲ್ಲ. ಕೆಡುವುದು ಸಾಮಾನ್ಯವಾಗಿ ನ್ಯಾಟ್‌ನಲ್ಲಿ, ಅಂದರೆ ಒಂದೇ ಹೊರ ವಿಳಾಸವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ. ಎರಡೂ ತುದಿಯ ನ್ಯಾಟ್ ಬಿಗಿಯಾಗಿದ್ದರೆ ಸಂಪರ್ಕ ಕೂಡುವುದೇ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ನಡೆಸುವವರಿಗೆ ದಿನವಿಡೀ ನೆರವು ಪಡೆದವರ ಸಂಖ್ಯೆ ಸೊನ್ನೆ ಎಂದೇ ಕಾಣುವುದಕ್ಕೆ ಬಹುತೇಕ ಇದೇ ಕಾರಣ. ಅಂಥವರು ಸಾರ್ವಜನಿಕ ಐಪಿ ಇರುವ ಬಾಡಿಗೆ ಸರ್ವರಿನಲ್ಲಿ ಇದೇ ಪ್ರಾಕ್ಸಿಯನ್ನು, ಅಂದರೆ ನಡುವಿನ ದಾರಿಯನ್ನು, ಸ್ವತಂತ್ರ ಪ್ರೋಗ್ರಾಂ ಆಗಿ ಓಡಿಸಿದರೆ ಹೆಚ್ಚು ಉಪಯೋಗ.

ಇಷ್ಟಾದರೂ ಅಕ್ಟೋಬರ್ 4ರಂದು ಸ್ನೋಫ್ಲೇಕ್ ಬಳಸುವ ಇರಾನಿಯರ ಸಂಖ್ಯೆ ದಿಢೀರನೆ ಕುಸಿಯಿತು. ತಡೆ ಬಿದ್ದದ್ದು ಸ್ವಯಂಸೇವಕರ ಕೊಂಡಿಗಳ ಮೇಲಲ್ಲ, ಬ್ರೋಕರನ್ನು ಸಂಪರ್ಕಿಸುವ ಮೊದಲ ಹೆಜ್ಜೆಯ ಮೇಲೆ. ಸುರಕ್ಷಿತ ಸಂಪರ್ಕ ಶುರುಮಾಡುವಾಗ ಪ್ರತಿಯೊಂದು ಸಾಫ್ಟ್‌ವೇರ್ ತನಗೆ ಬರುವ ಗೂಢಲಿಪಿ ವಿಧಾನಗಳ ಪಟ್ಟಿಯನ್ನು ತನ್ನದೇ ಕ್ರಮದಲ್ಲಿ ಕಳಿಸುತ್ತದೆ. ಸ್ನೋಫ್ಲೇಕ್ ಬರೆದಿರುವ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿ ಕಳಿಸುವ ಕ್ರಮ ಮಾಮೂಲಿ ಬ್ರೌಸರ್‌ಗಳದಕ್ಕಿಂತ ಬೇರೆಯಾಗಿದ್ದರಿಂದ ಸೆನ್ಸಾರ್‌ಗೆ ಗುರುತು ಸಿಕ್ಕಿಬಿಟ್ಟಿತು. ಮುಂದಿನ ಆವೃತ್ತಿಗಳು ಜನಪ್ರಿಯ ಬ್ರೌಸರಿನ ಕ್ರಮವನ್ನೇ ಅನುಕರಿಸಿದವು. ಬಳಕೆದಾರರು ನಿಧಾನವಾಗಿ ಮರಳಿದರು. ನಿಧಾನಕ್ಕೆ ಕಾರಣ ಸರಳ: ಹೊಸ ಆವೃತ್ತಿ ಇಳಿಸಿಕೊಳ್ಳಲೂ ಇಂಟರ್‌ನೆಟ್ ಬೇಕು.

ಸಂದೇಶದ ಆ್ಯಪ್ ನಡೆಸುವ ಸಿಗ್ನಲ್ ಸಂಸ್ಥೆಯೂ ಸೆಪ್ಟೆಂಬರ್‌ನಲ್ಲೇ ಪ್ರಾಕ್ಸಿ ನಡೆಸಿರೆಂದು ಲೋಕವನ್ನು ಕೇಳಿಕೊಂಡಿತು. ಒಂದು ಸಣ್ಣ ಬಾಡಿಗೆ ಸರ್ವರ್, ಒಂದು ಡೊಮೇನ್ ಹೆಸರು, ತೆರೆದ 80 ಮತ್ತು 443 ಪೋರ್ಟ್‌ಗಳು, ಪ್ರೋಗ್ರಾಂಗಳನ್ನು ಸುಲಭವಾಗಿ ಓಡಿಸುವ ಡಾಕರ್ ಎಂಬ ಸಾಫ್ಟ್‌ವೇರ್, ಇಷ್ಟಿದ್ದರೆ ಅರ್ಧ ಗಂಟೆಯ ಕೆಲಸ. ಜನ ಎಡವಿದ್ದು ಕೊಂಡಿ ಹಂಚುವುದರಲ್ಲಿ. ಹೆಮ್ಮೆಯಿಂದ ಟ್ವಿಟರ್‌ನಲ್ಲಿ ಹಾಕಿದ ವಿಳಾಸ ಸೆನ್ಸಾರ್‌ನವರ ಕಣ್ಣಿಗೂ ಬೀಳುತ್ತದೆ. ಪ್ರಾಕ್ಸಿ ಇದೆಯೆಂದು ಮಾತ್ರ ಬಹಿರಂಗವಾಗಿ ಹೇಳಿ, ಕೊಂಡಿಯನ್ನು ಕೇಳಿದವರಿಗೆ ಖಾಸಗಿಯಾಗಿ ಕೊಡಿ ಎಂದು ಸಂಸ್ಥೆಯೇ ಹೇಳಿತ್ತು.

ಇವೆಲ್ಲದರ ನಡುವೆ ಮುಜುಗರದ ಸಂಗತಿ ಒಂದಿದೆ. ಅಮೆರಿಕದ ದಿಗ್ಬಂಧನಗಳಿಂದಾಗಿ ಇರಾನಿಯರು ಅಂತಾರಾಷ್ಟ್ರೀಯ ಕಾರ್ಡಿನಲ್ಲಿ ಹಣ ಕಟ್ಟಿ ಒಳ್ಳೆಯ ವಿಪಿಎನ್ ಕೊಳ್ಳುವಂತಿರಲಿಲ್ಲ. ಎಷ್ಟೋ ಕ್ಲೌಡ್ ಸೇವೆಗಳು ಹೊರಗಿನಿಂದಲೇ ಅವರಿಗೆ ಬಾಗಿಲು ಮುಚ್ಚಿದ್ದವು. 2022ರ ಸೆಪ್ಟೆಂಬರ್ 23ರಂದು ಅಮೆರಿಕದ ಖಜಾನೆ ಇಲಾಖೆ ಡಿ-2 ಎಂಬ ಸಾಮಾನ್ಯ ಪರವಾನಗಿ ಕೊಟ್ಟು ಇದನ್ನು ಸಡಿಲಿಸಿತು. ಅಷ್ಟು ವರ್ಷ ಹೊರಗಿನವರೂ ಅದೇ ಗೋಡೆಗೆ ಇಟ್ಟಿಗೆ ಇಟ್ಟಿದ್ದರು. ಉಪಗ್ರಹಗಳಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಬಗ್ಗೆ ಆದ ಸದ್ದೂ ಹಾಗೆಯೇ: ಡಿಶ್ಶನ್ನು ಕಳ್ಳದಾರಿಯಲ್ಲಿ ತರಬೇಕು, ಆಕಾಶ ಕಾಣುವ ಮಾಳಿಗೆಯ ಮೇಲಿಡಬೇಕು, ಅಕ್ಕಪಕ್ಕದವರ ಕಣ್ಣು ತಪ್ಪಿಸಬೇಕು. ಎಂಟು ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಆ ಡಿಸೆಂಬರ್ ಕೊನೆಗೆ ನಡೆಯುತ್ತಿದ್ದದ್ದು ನೂರರ ಹತ್ತಿರ ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದರು.

ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸ ಕೈದಿಗಳ ಹೆಸರು ಹಿಡಿದು ಕೇಳುವುದು. ಜರ್ಮನಿ, ಆಸ್ಟ್ರಿಯಾ ಮೊದಲಾದ ಕಡೆಯ ಸಂಸದರು ಒಬ್ಬೊಬ್ಬ ಕೈದಿಯ 'ರಾಜಕೀಯ ಪೋಷಕ'ರಾಗಿ ಇರಾನಿನ ರಾಯಭಾರಿಗೆ ಪತ್ರ ಬರೆದರು. ಇಂಥ ಪತ್ರ ಚೆನ್ನಾಗಿ ಬರೆಯಲು ಕೈದಿಯ ಹೆಸರು ಪರ್ಷಿಯನ್ ಲಿಪಿಯಲ್ಲಿ ಬೇಕು, ಬಂಧನದ ದಿನ, ಜೈಲು, ನ್ಯಾಯಾಲಯದ ಶಾಖೆ, ಆರೋಪ, ವಕೀಲರು ಯಾರು ಎಂಬುದೂ ಬೇಕು. ಇಂಗ್ಲಿಷಿನಲ್ಲಿ ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯುವುದರಿಂದ ಪಟ್ಟಿಗಳಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಆರೋಪವಂತೂ ಮುಖ್ಯ: 'ದೇವರ ವಿರುದ್ಧ ಯುದ್ಧ' ಎಂದಿದ್ದರೆ ಗಲ್ಲಿನ ಸಾಧ್ಯತೆ ಇದೆ, ದಿನಗಳ ಲೆಕ್ಕದಲ್ಲಿ ಕೆಲಸ ಆಗಬೇಕು. ಈ ಪ್ರತಿಭಟನೆಗೆ ಸಂಬಂಧಿಸಿದ ಮೊದಲ ಗಲ್ಲು 2022ರ ಡಿಸೆಂಬರ್ 8ರಂದು ಆಯಿತು, ಎರಡನೆಯದು ನಾಲ್ಕೇ ದಿನಕ್ಕೆ. ಎಲ್ಲಕ್ಕೂ ಮೊದಲು ಮನೆಯವರ ಒಪ್ಪಿಗೆ ಬೇಕು. ಬಾಯಿಮುಚ್ಚಿಕೊಂಡಿದ್ದರೆ ಬಿಡುತ್ತೇವೆಂದು ಅಧಿಕಾರಿಗಳು ಹೇಳುವುದು ಸಾಮಾನ್ಯ. ಆ ಮಾತು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಮನೆಯವರೇ.

ಬೆಂಬಲ ಅವಸರಕ್ಕೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರ ನವೆಂಬರ್‌ನ ಉದಾಹರಣೆ ಸಾಕು. ಬಂಧಿತರು ಸುಮಾರು 15 ಸಾವಿರ ಎಂಬ ಅಂದಾಜು ಒಂದು ಕಡೆ ಇತ್ತು. ಕಠಿಣ ಶಿಕ್ಷೆ ಕೊಡಿ ಎಂದು ಇರಾನಿನ 227 ಸಂಸದರು ಕೇಳಿದ ಸುದ್ದಿ ಇನ್ನೊಂದು ಕಡೆ. ಎರಡೂ ಬೆರೆತು, 15 ಸಾವಿರ ಮಂದಿಗೆ ಮರಣದಂಡನೆ ಎಂಬ ಪೋಸ್ಟರ್ ಆಗಿ ಜಗತ್ತು ಸುತ್ತಿತು. ಕೆನಡಾದ ಪ್ರಧಾನಿಯೂ ಅದನ್ನು ಹಂಚಿ, ಆಮೇಲೆ ಅಳಿಸಿದರು. ಒಂದು ಸುಳ್ಳು ಸಿಕ್ಕಿದರೆ ಸಾಕು, ಸರ್ಕಾರಿ ಟಿವಿಗೆ ನೂರು ಸತ್ಯಗಳನ್ನು ತಳ್ಳಿಹಾಕಲು.

ಹೊರದೇಶದ ಇರಾನಿಯರ ಒಗ್ಗಟ್ಟೂ ಬಹುಕಾಲ ನಿಲ್ಲಲಿಲ್ಲ. ಅಕ್ಟೋಬರ್ 22ರಂದು ಬರ್ಲಿನ್ನಿನಲ್ಲಿ ಪೊಲೀಸರ ಲೆಕ್ಕದಲ್ಲೇ 80 ಸಾವಿರ ಜನ ಸೇರಿದ್ದರು. 2023ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಪ್ರಮುಖರು ಮಾರ್ಚ್‌ನಲ್ಲಿ ಸನ್ನದು ಹೊರಡಿಸಿ, ಏಪ್ರಿಲ್‌ಗೆ ಚದುರಿದರು. ರಾಜವಂಶದ ಬಾವುಟವೋ ಬೇರೆಯದೋ, ಘೋಷಣೆ ಯಾವ ಭಾಷೆಯಲ್ಲಿ, ನಾಯಕ ಯಾರು ಎಂಬ ತಕರಾರುಗಳಲ್ಲಿ ಹೆಣ್ಣುಮಕ್ಕಳ ವಿಷಯ ಹಿಂದೆ ಸರಿಯಿತು. 2025ರ ಜೂನ್‌ನಲ್ಲಿ ಇಸ್ರೇಲ್ ದಾಳಿ ನಡೆಸಿದಾಗ ಅದರ ಪ್ರಧಾನಿ 'ಹೆಣ್ಣು, ಬದುಕು, ಬಿಡುಗಡೆ' ಘೋಷಣೆಯನ್ನು ಉಚ್ಚರಿಸಿದರು. 23ರಂದು ಟೆಹರಾನಿನ ಎವಿನ್ ಜೈಲಿನ ಮೇಲೂ ಕ್ಷಿಪಣಿ ಬಿತ್ತು. ಸತ್ತವರು 70ಕ್ಕೂ ಹೆಚ್ಚು, ಕೈದಿಗಳೂ ಅವರನ್ನು ನೋಡಲು ಬಂದ ಮನೆಯವರೂ ಸೇರಿ, ಎಂದು ಇರಾನಿನ ನ್ಯಾಯಾಂಗ ಹೇಳಿತು. ಪತ್ರ ಬರೆದು ಬಿಡಿಸಿ ಎಂದು ಕೇಳಲಾಗುತ್ತಿದ್ದ ಹಲವರು ಇದ್ದದ್ದು ಅದೇ ಜೈಲಿನಲ್ಲಿ.

ಸರ್ಕಾರಗಳ ಮಟ್ಟದಲ್ಲಿ ಉಳಿದ ಗಟ್ಟಿ ಫಲ ಒಂದು. 2022ರ ನವೆಂಬರ್ 24ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 25–6 ಮತಗಳಿಂದ ಸತ್ಯಶೋಧನಾ ನಿಯೋಗ ರಚಿಸಿತು. ಮತ ಹಾಕದೆ ದೂರ ಉಳಿದ 16 ದೇಶಗಳಲ್ಲಿ ಭಾರತವೂ ಒಂದು. ನಿಯೋಗಕ್ಕೆ ಇರಾನಿನೊಳಗೆ ಕಾಲಿಡಲು ಬಿಡಲಿಲ್ಲ. ಆದರೂ 27 ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳು ಕೂಡಿದವು. ಮಹ್ಸಾಳ ಸಾವಿಗೆ ಕಾರಣವಾದ ದೈಹಿಕ ಹಿಂಸೆಗೆ ಸರ್ಕಾರವೇ ಹೊಣೆ ಎಂದು 2024ರ ಮಾರ್ಚ್‌ನಲ್ಲಿ ವರದಿ ಬಂತು. ಈ ಕೆಲಸದಲ್ಲಿ ದೂರದವರು ಮಾಡಬಹುದಾದದ್ದೂ ಕೆಡಿಸಬಹುದಾದದ್ದೂ ಬಹಳ. ವಿಡಿಯೊವನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿಯೇ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಸಮಯ, ಸ್ಥಳದ ಮಾಹಿತಿಯೂ ಅಳಿಯುತ್ತದೆ; 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಉಳಿಯುತ್ತದೆ. ಬಂದ ಮೂಲ ಕಡತವನ್ನು ತಿದ್ದದೆ ಎತ್ತಿಟ್ಟು, ಅದರ ಹ್ಯಾಶ್ ಸಂಖ್ಯೆ (ಕಡತ ಸ್ವಲ್ಪ ಬದಲಾದರೂ ಬದಲಾಗುವ ಗುರುತುಸಂಖ್ಯೆ) ಬರೆದಿಟ್ಟುಕೊಂಡರೆ ಮುಂದೆ ಬದಲಾಗಿಲ್ಲವೆಂದು ತೋರಿಸಬಹುದು. ಮುಖ ಮಸುಕು ಮಾಡುವುದು ಪ್ರಕಟಿಸುವ ಪ್ರತಿಯಲ್ಲಿ ಮಾತ್ರ, ಮೂಲದಲ್ಲಿ ಬೇಡ.

ಇಂಥ ಸಾಕ್ಷ್ಯಕ್ಕೆ ಬೆಲೆ ಬರಲು ದಶಕಗಳೇ ಹಿಡಿದಾವು. ಇರಾನಿನ 1988ರ ಜೈಲು ಹತ್ಯೆಗಳ ಬಗ್ಗೆ ದೇಶ ಬಿಟ್ಟವರು ಮೂವತ್ತು ವರ್ಷ ಕಾಪಿಟ್ಟ ಹೇಳಿಕೆಗಳ ಬಲದಿಂದ ಮಾಜಿ ಜೈಲು ಅಧಿಕಾರಿಯೊಬ್ಬರಿಗೆ 2022ರ ಜುಲೈನಲ್ಲಿ ಸ್ವೀಡನ್ನಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. 2024ರ ಜೂನ್‌ನಲ್ಲಿ ಇರಾನಿನಲ್ಲಿದ್ದ ಸ್ವೀಡಿಷ್ ಕೈದಿಗಳಿಗೆ ಬದಲಾಗಿ ಆ ಅಧಿಕಾರಿಯನ್ನು ಬಿಟ್ಟು ಕಳಿಸಿತು ಸ್ವೀಡನ್ ಸರ್ಕಾರ. ಇರಾನ್ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ದೇಶವಲ್ಲ. ಹಾಗಾಗಿ ಮಹ್ಸಾ ಪ್ರಕರಣದ ಸಾಕ್ಷ್ಯಗಳು ಕೋರ್ಟು ಕಾಣಬೇಕಾದರೆ ಸದ್ಯಕ್ಕಿರುವುದು ಅದೇ ದಾರಿ: ಬೇರೆ ದೇಶದಲ್ಲಿ ನಡೆದ ಘೋರ ಅಪರಾಧವನ್ನೂ ವಿಚಾರಿಸುವ ಸ್ವೀಡನ್, ಜರ್ಮನಿಯಂಥ ದೇಶಗಳ ನೆಲಕ್ಕೆ ಆರೋಪಿ ತಾನಾಗಿ ಬಂದಿಳಿಯಬೇಕು.