ಗೆಟ್-ಸೆಟ್ ಬರೆಯುವ ರೂಢಿ ಎಲ್ಲಿಂದ ಬಂತು?

ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತವರಿಗೆಲ್ಲ ಇದು ಗೊತ್ತು. ಕ್ಲಾಸ್ (ಡೇಟಾ ಮತ್ತು ಅದರ ಕೆಲಸಗಳನ್ನು ಒಟ್ಟಿಗೆ ಕಟ್ಟಿಟ್ಟ ಕೋಡ್) ಬರೆ, ಒಳಗಿನ ವೇರಿಯಬಲ್‌ಗಳನ್ನೆಲ್ಲ ಹೊರಗಿನ ಕೋಡ್ ನೇರವಾಗಿ ಮುಟ್ಟದಂತೆ ಪ್ರೈವೇಟ್ ಮಾಡು, ಆಮೇಲೆ ಒಂದೊಂದಕ್ಕೂ ಅದನ್ನು ಓದಿಕೊಡುವ ಒಂದು ಗೆಟ್ಟರ್, ಬದಲಿಸುವ ಒಂದು ಸೆಟ್ಟರ್. ಯಾಕೆ ಅಂತ ಕೇಳಿದರೆ ‘ಎನ್‌ಕ್ಯಾಪ್ಸುಲೇಷನ್’ (ಒಳಗಿನದನ್ನು ಮುಚ್ಚಿಡುವುದು) ಅನ್ನೋ ಉತ್ತರ ರೆಡಿ. ವೈವಾದಲ್ಲಿ ನಾನೂ ಅಷ್ಟು ಹೇಳಿಯೇ ಪಾರಾಗಿದ್ದೆ.

ಆ ಉತ್ತರದ ಬೇರು 1972ರಷ್ಟು ಹಳೆಯದು. ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಪ್ರೋಗ್ರಾಂನ ಪ್ರತಿ ಭಾಗ (ಮಾಡ್ಯೂಲ್) ತನ್ನೊಳಗೇ ಬಚ್ಚಿಟ್ಟುಕೊಳ್ಳಲಿ ಎಂದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಆ ವರ್ಷ ಬರೆದರು. ಬಚ್ಚಿಟ್ಟದ್ದಕ್ಕೆಲ್ಲ ಒಂದೊಂದು ಬಾಗಿಲು ಇಡಿ ಅಂತೇನೂ ಅವರು ಹೇಳಲಿಲ್ಲ.

ಬಾಗಿಲು ಕಡ್ಡಾಯ ಅನ್ನಿಸಿದ್ದು, ಜಾವಾದಲ್ಲಿ ಮರುಬಳಕೆಯ ಬಿಡಿಭಾಗಗಳನ್ನು ಬರೆಯುವ ಪದ್ಧತಿಯಾದ ಜಾವಾಬೀನ್ಸ್‌ನಿಂದ. 1996-97ರಲ್ಲಿ ಜಾವಾ ರೂಪಿಸಿದ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್ ಅದರ ನಿಯಮಗಳನ್ನು ಹೊರತಂದಿತು. ಬಟನ್, ಸ್ಲೈಡರ್‌ಗಳನ್ನು ಮೌಸ್‌ನಿಂದ ಎಳೆದು ಜೋಡಿಸುವ ಟೂಲ್‌ಗಳ ಕಾಲ ಅದು. ಬಟನ್‌ನಲ್ಲಿ ಏನೇನು ಬದಲಿಸಬಹುದು ಅಂತ ಟೂಲ್‌ಗೆ ಗೊತ್ತಾಗಬೇಕಲ್ಲ? ಅದು ಮೆಥಡ್‌ಗಳ (ಕ್ಲಾಸ್ ಒಳಗಿನ ಫಂಕ್ಷನ್) ಹೆಸರು ನೋಡುತ್ತಿತ್ತು. ‘ಗೆಟ್‌ಕಲರ್’, ‘ಸೆಟ್‌ಕಲರ್’ ಎರಡೂ ಸಿಕ್ಕರೆ ‘ಕಲರ್’ ಅನ್ನೋ ಪ್ರಾಪರ್ಟಿ, ಅಂದರೆ ಬದಲಿಸಬಹುದಾದ ಗುಣ, ಇದೆ ಅಂತ ಲೆಕ್ಕ. ಗೆಟ್ ಮಾತ್ರ ಸಿಕ್ಕರೆ, ಓದಬಹುದು, ಮುಟ್ಟುವ ಹಾಗಿಲ್ಲ. ಯಂತ್ರಕ್ಕೆ ಅನುಕೂಲವಾಗಲಿ ಅಂತ ಮಾಡಿದ್ದು ಇದು. ಆ ಟೂಲ್‌ಗಳು ಮೂಲೆ ಸೇರಿದವು. ಸ್ಪ್ರಿಂಗ್, ಹೈಬರ್ನೇಟ್ ಅನ್ನೋ ಜಾವಾದ ಸಿದ್ಧ ಚೌಕಟ್ಟುಗಳು (ಫ್ರೇಮ್‌ವರ್ಕ್) ಬಂದು ಅದೇ ಹೆಸರುಗಳನ್ನು ನೆಚ್ಚಿಕೊಂಡವು. ಹಾಗಾಗಿ ರೂಢಿ ಉಳಿಯಿತು.

ಇದರಿಂದ ಒಳಗಿನದು ನಿಜವಾಗಿ ಭದ್ರವಾಯಿತಾ? ‘ಆರ್ಡರ್’ ಅನ್ನೋ ಕ್ಲಾಸ್ ಇದೆ, ಒಳಗೆ ಐಟಂಗಳ ಲಿಸ್ಟ್, ಪ್ರೈವೇಟ್. ಸೆಟ್ಟರ್ ಇಲ್ಲ, ‘ಗೆಟ್‌ಐಟಮ್ಸ್’ ಒಂದೇ. ಆದರೆ ಅದು ಕೊಡುವುದು ಲಿಸ್ಟಿನ ನಕಲನ್ನಲ್ಲ, ಆ ಲಿಸ್ಟನ್ನೇ! ಹೊರಗಿನವರು ಅದರ ಮೇಲೆ ‘ಕ್ಲಿಯರ್’ ಹೊಡೆದರೆ ಆರ್ಡರ್ ಖಾಲಿ. ಇಂಥದ್ದೊಂದನ್ನು ಹುಡುಕುತ್ತಾ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ಬೇರೆ ಭಾಷೆಗಳು ಬೇರೆ ದಾರಿ ಹಿಡಿದವು. 1995ರ ಡೆಲ್ಫಿಯಲ್ಲೇ ಪ್ರಾಪರ್ಟಿ (ಹೊರಗಿನಿಂದ ವೇರಿಯಬಲ್‌ನಂತೆ ಕಂಡರೂ ಒಳಗೆ ಗೆಟ್-ಸೆಟ್ ನಡೆಸಬಲ್ಲದ್ದು) ಭಾಷೆಯ ಭಾಗವಾಗಿತ್ತು. ಡೆಲ್ಫಿ ಕಟ್ಟಿದ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಸಿ ಶಾರ್ಪ್‌ಗೂ ಪ್ರಾಪರ್ಟಿಯನ್ನೇ ತಂದರು. 2001ರ ಪೈಥಾನ್ 2.2 ಬಂದ ಮೇಲೆ ಪೈಥಾನ್‌ನವರು ಮೊದಲು ಸುಮ್ನೆ ವೇರಿಯಬಲ್ ಇಟ್ಟು, ತಪಾಸಣೆ ಬೇಕೆನಿಸಿದಾಗ ಅದನ್ನು ಪ್ರಾಪರ್ಟಿ ಮಾಡುವಂತಾಯಿತು. ಅದನ್ನು ಬಳಸುವವರ ಕೋಡ್ ಒಂದು ಸಾಲೂ ಬದಲಾಗಬೇಕಿಲ್ಲ. ನನಗೆ ಇದೇ ಜಾಸ್ತಿ ಇಷ್ಟ.

ಜಾವಾಗೆ 2021ರಲ್ಲಿ, 16ನೇ ಆವೃತ್ತಿಯಲ್ಲಿ, ಡೇಟಾ ಹಿಡಿದಿಡಲೆಂದೇ ಇರುವ ‘ರೆಕಾರ್ಡ್’ ಅನ್ನೋ ಬಗೆಯ ಕ್ಲಾಸ್ ಬಂತು. ಅದರಲ್ಲಿ ಸೆಟ್ಟರ್ ಇಲ್ಲವೇ ಇಲ್ಲ. ‘ಗೆಟ್‌ನೇಮ್’ ಹೋಗಿ ಬರೀ ‘ನೇಮ್’ ಆಯಿತು. ಆದರೆ ರೆಕಾರ್ಡ್ ಒಳಗೆ ಮಾಮೂಲಿ ಅರೇಲಿಸ್ಟ್ (ಬದಲಿಸಬಹುದಾದ ಲಿಸ್ಟ್) ಇಟ್ಟು ಹಾಗೇ ಬಿಟ್ಟರೆ, ಹೊರಗಿನಿಂದ ‘ಕ್ಲಿಯರ್’ ಹೊಡೆಯೋಕೆ ಈಗಲೂ ಅಡ್ಡಿಯಿಲ್ಲ.